ಸಿಆರ್‌ಪಿ ಜಾಸ್ತಿ ಬಂದರೆ ಡಿಪ್ರೆಷನ್ ಮಾತ್ರೆ ನಿಲ್ಲಿಸಬಹುದಾ?

ನಿಮ್ಮ ತಮ್ಮನಿಗೆ ಒಂದು ವರ್ಷದಿಂದ ಡಿಪ್ರೆಷನ್, ಮಾತ್ರೆ ನಡೆಯುತ್ತಿದೆ ಅಂದಿದ್ದೀರಿ. ಮನಸ್ಸಿನ ಕಾಯಿಲೆಗೆಲ್ಲ ದೇಹದೊಳಗಿನ ಉರಿಯೂತವೇ (ಗಾಯ, ಸೋಂಕಿಗೆ ದೇಹ ತೋರಿಸುವ ಊತ, ಬಿಸಿಯಂಥ ಪ್ರತಿಕ್ರಿಯೆ) ಮೂಲ ಅಂತ ಒಂದು ವಿಡಿಯೊದಲ್ಲಿ ನೋಡಿದ್ದೀರಿ. ಸಿಆರ್‌ಪಿ, ಅಂದರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು, ಅದರ ಟೆಸ್ಟ್ ಮಾಡಿಸಿ, ಜಾಸ್ತಿ ಬಂದರೆ ಈ ಮಾತ್ರೆ ಬಿಡಿಸಿ ನೋವು, ಊತ ಇಳಿಸುವ ಐಬುಪ್ರೊಫೆನ್, ಅರಿಶಿನದ ಕ್ಯಾಪ್ಸೂಲ್ ಕೊಡಬಹುದಾ ಅಂತ ಕೇಳಿದ್ದೀರಿ.

ಮಾತ್ರೆ ನಿಲ್ಲಿಸಬೇಡಿ. ಉಳಿದ ಮಾತು ಆಮೇಲೆ.

ನಾನು ಹಾಸನದ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್, ಡಾಕ್ಟರ್ ಅಲ್ಲ. ಆದರೆ ಸಿಆರ್‌ಪಿ ದಿನಾ ಮಾಡುತ್ತೇನೆ. ಹಳೆಯ ಸ್ಲೈಡ್ ವಿಧಾನದಲ್ಲಿ ಅದು ಹೇಗೆ ನಡೆಯುತ್ತದೆ ಗೊತ್ತಾ? ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ನೀರು ಇರುತ್ತದಲ್ಲ, ಅದನ್ನು ಒಂದು ಹನಿ ಕಪ್ಪು ಸ್ಲೈಡಿನ ಮೇಲೆ ಬಿಡುತ್ತೇವೆ. ಪಕ್ಕದಲ್ಲಿ ಹಾಲಿನಂಥ ಲೇಟೆಕ್ಸ್ ದ್ರವ ಒಂದು ಹನಿ. ಕಡ್ಡಿಯಲ್ಲಿ ಎರಡನ್ನೂ ಕಲಸಿ, ಸ್ಲೈಡನ್ನು ಎರಡು ನಿಮಿಷ ಮೆಲ್ಲಗೆ ಆಡಿಸಬೇಕು. ಸಿಆರ್‌ಪಿ ಜಾಸ್ತಿ ಇದ್ದರೆ ಹಾಲು ಒಡೆದ ಹಾಗೆ ಸಣ್ಣ ಸಣ್ಣ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ನುಣ್ಣಗೆ ಹಾಗೇ ಇರುತ್ತದೆ. ಅಷ್ಟೇ. ಯಾಕೆ ಒಡೆಯಿತು ಅಂತ ಸ್ಲೈಡ್ ಹೇಳುವುದಿಲ್ಲ. ಹಲ್ಲಿನ ಬುಡದ ಕೀವು ಇರಬಹುದು, ಹೋದ ವಾರದ ಜ್ವರ ಇರಬಹುದು, ಕೀಲಿನ ಕಾಯಿಲೆ ಇರಬಹುದು. ಮೆಷಿನ್‌ನಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದರೆ ಬೊಜ್ಜು, ಸಿಗರೇಟು ಕೂಡ ಅಂಕಿಯನ್ನು ಸ್ವಲ್ಪ ಮೇಲೆ ತರುತ್ತವೆ. ಆ ಚೀಟಿ ನೋಡಿ ಇದು ಡಿಪ್ರೆಷನ್ನಿನ ಉರಿಯೂತ ಅಂತ ಯಾರೂ ಹೇಳೋಕಾಗಲ್ಲ.

ಹಾಗಾದರೆ ವಿಡಿಯೊದವರು ಹೇಳಿದ್ದು ಪೂರ್ತಿ ಸುಳ್ಳಾ? ಅಲ್ಲ. ಅರ್ಧ ನಿಜ.

ಜೋರು ಜ್ವರ ಬಂದ ದಿನ ನೆನಪು ಮಾಡಿಕೊಳ್ಳಿ. ಊಟ ರುಚಿಸಲ್ಲ, ಯಾರಾದರೂ ಮಾತಾಡಿಸಿದರೆ ಸಾಕಪ್ಪ ಅನ್ನಿಸುತ್ತದೆ, ಮೂಲೆಯಲ್ಲಿ ಮುದುಡಿ ಮಲಗೋಣ ಅನ್ನಿಸುತ್ತದೆ, ಇಷ್ಟದ ಕೆಲಸವೂ ಬೇಡ. ಅದನ್ನು ಮಾಡಿಸುವುದು ವೈರಸ್ ಒಂದೇ ಅಲ್ಲ. ರೋಗದ ಜೊತೆ ಹೋರಾಡಲು ನಮ್ಮ ದೇಹವೇ ಸೈಟೊಕೈನ್ ಅನ್ನುವ ವಸ್ತುಗಳನ್ನು ಬಿಡುತ್ತದೆ, ಅವುಗಳ ಸುದ್ದಿ ಮಿದುಳಿಗೂ ತಲುಪುತ್ತದೆ. ಮಲಗು, ಶಕ್ತಿ ಉಳಿಸು ಅಂತ ದೇಹ ಹೇಳುವ ಬಗೆ ಅದು. ಮೂರು ದಿನಕ್ಕೆ ಮುಗಿದರೆ ಒಳ್ಳೆಯದೇ. ಆ ಸುದ್ದಿ ತಿಂಗಳುಗಟ್ಟಲೆ ನಿಲ್ಲದೇ ಹೋದರೆ? ಡಿಪ್ರೆಷನ್ನಿಗೆ ತುಂಬಾ ಹತ್ತಿರದ ಚಿತ್ರ ಅಲ್ವಾ ಅದು.

ಇದು ಬರೀ ಊಹೆ ಅಲ್ಲ. ಇಂಟರ್‌ಫೆರಾನ್ ಅಂತ ಒಂದಿದೆ, ವೈರಸ್ ಬಂದಾಗ ದೇಹವೇ ತಯಾರಿಸುವಂಥದ್ದು. ಹೆಪಟೈಟಿಸ್ ಸಿ ಕಾಯಿಲೆಗೆ, ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿಗೆ ಅದನ್ನೇ ಇಂಜೆಕ್ಷನ್ ಮಾಡಿ ಕೊಡುತ್ತಿದ್ದರು. ಹಾಗೆ ಕೊಟ್ಟಾಗ ಮೊದಲು ಚೆನ್ನಾಗಿಯೇ ಇದ್ದ ಎಷ್ಟೋ ಜನಕ್ಕೆ ಡಿಪ್ರೆಷನ್ ಶುರುವಾಯಿತು. 2001ರಲ್ಲಿ ಅಮೆರಿಕದಲ್ಲಿ 40 ಮೆಲನೋಮ ರೋಗಿಗಳ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧ ಜನಕ್ಕೆ ಇಂಟರ್‌ಫೆರಾನ್ ಶುರು ಮಾಡುವ ಮೊದಲೇ ಪ್ಯಾರೊಕ್ಸೆಟಿನ್ ಅನ್ನುವ ಡಿಪ್ರೆಷನ್ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಪ್ಯಾರೊಕ್ಸೆಟಿನ್ ತೆಗೆದುಕೊಂಡವರಲ್ಲಿ ಶೇ 11 ಜನಕ್ಕೆ, ಇಲ್ಲದವರಲ್ಲಿ ಶೇ 45 ಜನಕ್ಕೆ ಡಿಪ್ರೆಷನ್ ಬಂತು. ಇದರಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಇಲ್ಲಿ ಕಾರಣ ಕಣ್ಣಿಗೆ ಕಾಣುವಷ್ಟು ಸ್ಪಷ್ಟ, ಹೊರಗಿಂದ ಚುಚ್ಚಿದ ಇಂಟರ್‌ಫೆರಾನ್. ಆದರೂ ಅದನ್ನು ತಡೆದದ್ದು ಮಾಮೂಲಿ ಡಿಪ್ರೆಷನ್ ಮಾತ್ರೆಯೇ. ಉರಿಯೂತದಿಂದ ಬಂದದ್ದಾದರೆ ಈ ಮಾತ್ರೆ ದಂಡ ಅನ್ನುವ ಲೆಕ್ಕ ಅಲ್ಲೇ ತಪ್ಪಿತು.

ಇನ್ನು ಟೆನ್ಷನ್ ವಿಷಯ. ಒತ್ತಡ ಬಂದಾಗ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುತ್ತದೆ. ಉರಿಯೂತವನ್ನು ತಗ್ಗಿಸುವುದೂ ಅದರ ಕೆಲಸ. ಆಮೇಲೆ ತಾನೂ ಇಳಿಯಬೇಕು. ಒತ್ತಡ ವರ್ಷಗಟ್ಟಲೆ ಇಳಿಯದಿದ್ದರೆ ಜೀವಕೋಶಗಳು ಕಾರ್ಟಿಸಾಲಿನ ಮಾತನ್ನೇ ಕೇಳುವುದು ಬಿಡುತ್ತವೆ. ಬೆಳಗಿನಿಂದ ಸಂಜೆವರೆಗೂ ಗದರುವವರ ಮಾತನ್ನು ಮಕ್ಕಳು ಕಿವಿಗೇ ಹಾಕಿಕೊಳ್ಳುವುದಿಲ್ಲವಲ್ಲ, ಹಾಗೆ. ಆಗ ಉರಿಯೂತಕ್ಕೆ ಕಡಿವಾಣ ಸಡಿಲ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು 1000 ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದಿದ್ದಾರೆ. ಚಿಕ್ಕಂದಿನಲ್ಲಿ ಹಿಂಸೆ, ತಿರಸ್ಕಾರ ಉಂಡವರಲ್ಲಿ 32ನೇ ವಯಸ್ಸಿಗೂ ಉರಿಯೂತದ ಗುರುತು ಜಾಸ್ತಿ ಇತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮನೆಯ ಕಥೆ ಹೇಳುತ್ತೇನೆ. ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದರೆ ಹತ್ತು ಗಂಟೆವರೆಗೆ ಮುಷ್ಟಿ ಮುಚ್ಚಲು ಬರುತ್ತಿರಲಿಲ್ಲ, ಅಕ್ಕಿ ರೊಟ್ಟಿ ತಟ್ಟುವಾಗ ಅಂಗೈ ಬಿಟ್ಟು ಮಣಿಕಟ್ಟಿನಿಂದ ಒತ್ತುತ್ತಿದ್ದಳು, ರೊಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳು. ಹಣ್ಣು ಕೊಯ್ದು ಕಣದಲ್ಲಿ ಹರಡಿದ್ದಾಗ ಅಕಾಲದ ಮಳೆ ಬಂತು ಅಂದರೆ, ರಾತ್ರಿ ಆನೆ ತೋಟಕ್ಕೆ ನುಗ್ಗಿತು ಅಂದರೆ, ಆ ವಾರವೇ ಗಂಟು ಊದಿಕೊಳ್ಳುತ್ತಿತ್ತು. ಆಮೇಲೆ ಮೆಲ್ಲಗೆ ಮಾತು ಕಮ್ಮಿಯಾಯಿತು. ಮದುವೆ ಮನೆಗೆ ಬರಲ್ಲ ಅಂದಳು. ಜಗಲಿ ಮೇಲೆ ಸುಮ್ನೆ ಕೂರುತ್ತಿದ್ದಳು. ನೋವಿಗೆ ಹಾಗಾಗಿದೆ ಅಂತ ನಾವು ಅಂದುಕೊಂಡೆವು. ಕೀಲು ನೋಡುತ್ತಿದ್ದ ಡಾಕ್ಟರ್ ಮನಸ್ಸು ಹೇಗಿದೆ ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನುವ ಸಂಧಿವಾತದ ಔಷಧಿ ಶುರುವಾಗಿ ಊತ ಇಳಿಯಿತು, ಸಿಆರ್‌ಪಿಯೂ ಇಳಿಯಿತು. ಆ ಸ್ಲೈಡ್ ಆಡಿಸಿದ್ದು ನಾನೇ, ನುಣ್ಣಗೆ ಬಂದಾಗ ಖುಷಿಯಿಂದ ಮನೆಗೆ ಫೋನ್ ಮಾಡಿದೆ. ಅಮ್ಮ ಮಾತ್ರ ಫೋನಿಗೆ ಬರಲಿಲ್ಲ. ಇನ್ನೂ ಎರಡು ತಿಂಗಳು ಕಾದು, ಕೊನೆಗೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಶುರುವಾಗಿ ಆರೇಳು ವಾರಕ್ಕೆ ಅವಳೇ ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ತಂದಳು. ಎರಡು ಕಾಯಿಲೆ, ಎರಡಕ್ಕೂ ಔಷಧಿ ಬೇಕಾಯಿತು.

ನಿಮ್ಮ ಪ್ರಶ್ನೆಗೇ ಉತ್ತರ ಕೊಡುವ ಪ್ರಯೋಗವೂ ನಡೆದಿದೆ. ಬೇರೆ ಮಾತ್ರೆಗೆ ಬಗ್ಗದ ಡಿಪ್ರೆಷನ್ ಇದ್ದ 60 ಜನರಲ್ಲಿ ಅರ್ಧ ಜನಕ್ಕೆ ಉರಿಯೂತ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನುವ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ದ್ರವ ಕೊಟ್ಟು ನೋಡಿದರು, ಫಲಿತಾಂಶ ಬಂದದ್ದು 2013ರಲ್ಲಿ. ಒಟ್ಟಾರೆ ನೋಡಿದರೆ ಏನೂ ವ್ಯತ್ಯಾಸ ಇರಲಿಲ್ಲ. ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಮಿಗಿಂತ ಮೇಲಿದ್ದವರಲ್ಲಿ ಮಾತ್ರ ಅನುಕೂಲವಾದ ಹಾಗೆ ಕಂಡಿತು. ಡಿಪ್ರೆಷನ್ ಇರುವವರಲ್ಲಿ ಸುಮಾರು ಕಾಲುಭಾಗ ಜನಕ್ಕೆ ಸಿಆರ್‌ಪಿ 3ರ ಮೇಲಿರುತ್ತದೆ. ಮಿಕ್ಕವರಿಗೆ ಇರುವುದಿಲ್ಲ, ಆದರೂ ಅವರ ಡಿಪ್ರೆಷನ್ ಅಷ್ಟೇ ನಿಜ. ಎಲ್ಲರಿಗೂ ಒಂದೇ ಮೂಲ ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ತಮ್ಮನ ವಿಷಯ. ಐಬುಪ್ರೊಫೆನ್ ನೀವಾಗಿಯೇ ಕೊಡಬೇಡಿ. ಡಿಪ್ರೆಷನ್ನಿಗೆ ಜಾಸ್ತಿ ಬರೆದುಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಥರದ ಮಾತ್ರೆ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಹೆಚ್ಚುತ್ತದೆ. ಅರಿಶಿನ ಸಾರಿಗೆ ಹಾಕಿ, ಹಾಲಿಗೆ ಹಾಕಿ, ಏನೂ ತೊಂದರೆ ಇಲ್ಲ. ಕ್ಯಾಪ್ಸೂಲಿನಲ್ಲಿ ಬರುವ ಸಾರ ಬೇರೆ, ಅದರಿಂದ ಲಿವರ್ ಕೆಟ್ಟ ಉದಾಹರಣೆಗಳಿವೆ. ಮಾತ್ರೆ ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರಬಹುದು, ಕಾಯಿಲೆಯೂ ಮರುಕಳಿಸಬಹುದು.

ದುಡ್ಡು ಖರ್ಚು ಮಾಡಿ ಟೆಸ್ಟ್ ಮಾಡಿಸಲೇಬೇಕು ಅಂದರೆ ಸಿಆರ್‌ಪಿಗಿಂತ ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಹುಳುಕು ಹಲ್ಲು, ವಸಡಿನ ಊತ ಇದ್ದರೆ ತೋರಿಸಿ. ನಿದ್ದೆ ಕೆಟ್ಟರೆ ಉರಿಯೂತ ಏರುತ್ತದೆ, ದಿನಾ ನಡೆದರೆ ಇಳಿಯುತ್ತದೆ, ಇದಕ್ಕೆ ಯಾವ ಕ್ಯಾಪ್ಸೂಲೂ ಬೇಡ. ತಮ್ಮನ ಜೊತೆ ನೀವೇ ನಡೆಯಲು ಹೋಗಿ, ಒಬ್ಬನೇ ಹೋಗು ಅಂದರೆ ಆ ಸ್ಥಿತಿಯಲ್ಲಿ ಹೋಗೋಕಾಗಲ್ಲ.

ಒಂದು ಸಂದರ್ಭ ಮಾತ್ರ ಬೇರೆ. ನಿನ್ನೆ ಮೊನ್ನೆವರೆಗೆ ಸರಿಯಿದ್ದವರು ಕೆಲವೇ ದಿನದಲ್ಲಿ ಏನೇನೋ ಮಾತಾಡತೊಡಗಿ, ಜೊತೆಗೆ ಫಿಟ್ಸ್ ಬಂದರೆ, ಬಾಯಿ ಮುಖ ತಾನಾಗಿಯೇ ಆಡತೊಡಗಿದರೆ, ಅದು ಮಿದುಳಿನದೇ ಉರಿಯೂತ ಇರಬಹುದು. 2007ರಲ್ಲಿ ಗುರುತಿಸಿದ ಎನ್‌ಎಮ್‌ಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅಂಥದ್ದೇ. ಆಗ ತಡ ಮಾಡದೆ ದೊಡ್ಡಾಸ್ಪತ್ರೆಯ ನರರೋಗ ವಿಭಾಗಕ್ಕೆ ಕರೆದುಕೊಂಡು ಹೋಗಬೇಕು.

ಮುಂದಿನ ಸಲ ಮನೋವೈದ್ಯರ ಹತ್ತಿರ ಹೋಗುವಾಗ ನೀವೂ ಒಳಗೆ ಹೋಗಿ. ಬೆಳಗ್ಗೆ ಕೈಕಾಲು ಬಿಗಿಯುವುದು, ಚರ್ಮದ ಕಾಯಿಲೆ, ಹೊಟ್ಟೆಯ ತೊಂದರೆ ಏನಿದ್ದರೂ ಹೇಳಿ, ವಿಡಿಯೊ ನೋಡಿದ್ದನ್ನೂ ಹೇಳಿ, ಮುಚ್ಚಿಡಬೇಡಿ. ಅಷ್ಟರೊಳಗೆ ತಮ್ಮ ಬದುಕೇ ಬೇಡ ಅನ್ನುವ ಥರ ಮಾತಾಡಿದರೆ ಅವನನ್ನು ಒಬ್ಬನೇ ಬಿಡದೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.