ಕಾಣೋ ನರಹುಲಿ, ಕಾಣದ 16ನೇ ನಂಬರ್

ದಾವಣಗೆರೆಯ ಓದುಗರೊಬ್ಬರ ಕಾಗದ: "ತಂಗಿಗೆ ಹೇಳಬಾರದ ಜಾಗದಲ್ಲಿ ನರಹುಲಿ ಎದ್ದಿವೆ, ಡಾಕ್ಟ್ರು ಎಚ್‌ಪಿವಿ ಅಂದ್ರು, ಕ್ಯಾನ್ಸರ್ ಆಗುತ್ತೇನೋ ಅಂತ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಟೆಸ್ಟಲ್ಲಿ ನನಗೂ ಎಚ್‌ಪಿವಿ 16 ಪಾಸಿಟಿವ್ ಬಂತು, ಆದ್ರೆ ನನಗೇನೂ ತೊಂದ್ರೆ ಇಲ್ಲ, ಮತ್ತೆ ಹೋಗಿಲ್ಲ."

ಅಮ್ಮಾ, ನಿಮ್ಮ ಮನೆಯವರು ಹೆದರಬೇಕಾದ ಕಡೆ ಬಿಟ್ಟು ಇನ್ನೊಂದು ಕಡೆ ಹೆದರ್ತಿದ್ದಾರೆ. ಎಚ್‌ಪಿವಿ ಅಂದ್ರೆ ಹ್ಯೂಮನ್ ಪ್ಯಾಪಿಲೋಮಾ ಅನ್ನೋ ವೈರಸ್, ಅದರಲ್ಲಿ 200ಕ್ಕೂ ಹೆಚ್ಚು ಟೈಪ್ ಇವೆ. ತಂಗಿಗೆ ಬಂದಂಥ ನರಹುಲಿ ನೂರಕ್ಕೆ ತೊಂಬತ್ತು ಪಾಲು 6, 11ನೇ ಟೈಪಿಂದ, ಲೋ ರಿಸ್ಕ್ ಅನ್ನೋದು ಇವನ್ನೇ, ಮುಜುಗರ ಉಂಟು, ಸುಟ್ಟರೂ ಮತ್ತೆ ಬರಬಹುದು, ಆದ್ರೆ ಕ್ಯಾನ್ಸರ್ ಆಗೋದು ತೀರಾ ಅಪರೂಪ. 16, 18 ಹಾಗಲ್ಲ. ಗುಳ್ಳೆ ಇಲ್ಲ ನೋವಿಲ್ಲ, ಜೀವಕೋಶದ ಒಳಗೆ ಕೂತು ಅದು ಕೆಟ್ಟು ಬೆಳೀದ ಹಾಗೆ ತಡೆಯೋ ಪ್ರೋಟೀನನ್ನೇ ಹಾಳು ಮಾಡ್ತವೆ. ಗರ್ಭಕೋಶದ ಬಾಯಿ ಕ್ಯಾನ್ಸರಲ್ಲಿ ಶೇಕಡ 70ರಷ್ಟು ಇವೆರಡರಿಂದಲೇ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಕೂಡ ಮೊದಲು ನಿಮ್ಮ ಥರಾನೇ ನರಹುಲಿ ವೈರಸ್ ಮೇಲೆ ಅನುಮಾನ ಪಟ್ಟವರು, ಕ್ಯಾನ್ಸರ್ ಗಡ್ಡೆಗಳಲ್ಲಿ ಹುಡುಕಿದ್ರೆ ಅದು ಸಿಗಲೇ ಇಲ್ಲ, ಬಿಡದೆ ಹುಡುಕಿ 1983ರಲ್ಲಿ 16 ಸಿಕ್ತು, ಮರುವರ್ಷ 18. 2008ರಲ್ಲಿ ನೊಬೆಲ್ ಬಂತು.

ಸುಮ್ನೆ ಹೆದರಿಸಬೇಡಿ, ಹೆಚ್ಚಿನವರಿಗೆ ಈ ವೈರಸ್ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ ಅಂತಾರೆ ಕೆಲವರು, ನಿಜಾನೇ, ಒಪ್ದೆ. ಆದ್ರೆ ಹೋಯ್ತಾ ಇಲ್ವಾ ಅಂತ ನೋಡೋರು ಯಾರು? 16 ಬಂತು ಅಂದ್ರೆ ಕ್ಯಾನ್ಸರ್ ಬಂತು ಅಂತಲ್ಲ, ಸಾಮಾನ್ಯವಾಗಿ ಅದಕ್ಕೆ 15-20 ವರ್ಷ ಹಿಡಿಯುತ್ತೆ, ಆ ಟೈಮನ್ನೇ ನಾವು ನಾಚಿಕೆಯಲ್ಲಿ ಕಳೀತೀವಿ.

ನಮ್ಮ ಚಿಕ್ಕಮ್ಮ, ಮುಟ್ಟು ನಿಂತು ಆರು ವರ್ಷ ಆದಮೇಲೆ ಮತ್ತೆ ರಕ್ತ ಕಂಡಾಗ ಉಷ್ಣ ಅಂತ ಮಜ್ಜಿಗೆ ಕುಡಿದ್ರು, ಬೆಳಗಿನ ಜಾವ ನಾವು ಏಳೋ ಮುಂಚೆ ಹಿತ್ತಲಲ್ಲಿ ಬಟ್ಟೆ ಒಗೆದು ಸೀರೆ ಕೆಳಗೆ ಒಣಹಾಕೋರು. ಇದೇ ಕ್ಯಾನ್ಸರ್ ಅಂತ ಗೊತ್ತಾದಾಗ ಸೊಂಟದ ತನಕ ಹಬ್ಬಿತ್ತು. ದೇಶದಲ್ಲಿ ವರ್ಷಕ್ಕೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರ್ತಿದೆ, ನಮ್ಮ ಪತ್ರಿಕೆಗಳು ಒಡವೆ ಡಿಸೈನಿಗೆ ಕೊಡೋ ಪುಟ ಇದಕ್ಕೆ ಕೊಡಲ್ಲ, ಮದುವೆಗೆ ಚೌಲ್ಟ್ರಿ ಬುಕ್ ಮಾಡೋ ಮನೆಗಳಲ್ಲಿ ಅಮ್ಮನ ಟೆಸ್ಟಿಗೆ ಮಾತ್ರ ಮುಂದಿನ ತಿಂಗಳು ನೋಡೋಣ. ಇದು ನನಗೆ ತಡೆಯಕ್ಕಾಗದ ಸಂಕಟ.

ನೀವು ಧೈರ್ಯವಾಗಿ ಬರೆದಿರಿ, ಅಷ್ಟೇ ಧೈರ್ಯವಾಗಿ ಈ ವಾರಾನೇ ಹೋಗಿ. ಕಾಲ್ಪೋಸ್ಕೋಪಿ ಅಂತ, ದೊಡ್ಡದಾಗಿ ತೋರಿಸೋ ಮಷೀನಲ್ಲಿ ಗರ್ಭಕೋಶದ ಬಾಯಿ ನೋಡ್ತಾರೆ, ಅಡ್ಮಿಟ್ ಆಗಬೇಕಾಗಿಲ್ಲ. ತಂಗೀನೂ ಕರ್ಕೊಂಡು ಹೋಗಿ, ಆ ಹಳೇ ರಿಪೋರ್ಟ್ ಮರೀಬೇಡಿ.