ಎಸ್‌ಎನ್‌ಪಿ ಟೇಬಲ್‌ಗೆ ಜೀನ್ ಹೆಸರು ಹಚ್ಚಾಕ ಮರ್ಜ್ ಬ್ಯಾಡ್ರಿ

ಒಂದೊಂದು ಎಸ್‌ಎನ್‌ಪಿ (ಡಿಎನ್‌ಎದಾಗ ಒಂದೇ ಅಕ್ಷರ, ಅಂದ್ರ ಬೇಸ್, ಬದಲಾದ ಜಾಗ) ಯಾವ ಜೀನಿನೊಳಗ ಬೀಳ್ತದ ಅಂತ ಹುಡುಕಾಕ ಆರ್ ಭಾಷೆಯೊಳಗ ಎರಡು ಟೇಬಲ್‌ನ ಕ್ರೋಮೋಸೋಮ್ ಕಾಲಂ ಮ್ಯಾಲೆ ಮರ್ಜ್ ಮಾಡಿ ಆಮ್ಯಾಲೆ ಫಿಲ್ಟರ್ ಹಚ್ಚಿದೆ, ಆರ್ ಹ್ಯಾಂಗ್ ಆತು, ಎರಡನೇ ಸಲ 0 ಸಾಲು ಬಂತು ಅಂತ ಬರದೀರಿ. ಗಂಗಾವತಿ ಸೋನಾ ಭತ್ತದ 6 ಲಕ್ಷ ಎಸ್‌ಎನ್‌ಪಿ, ಎಂಎಸ್‌ಯು 7 ಅನ್ನೋ ಭತ್ತದ ಜೀನ್ ಪಟ್ಟಿಯ ಸುಮಾರು 56 ಸಾವಿರ ಜೀನು, 12 ಕ್ರೋಮೋಸೋಮು. ಒಂದೇ ಕ್ರೋಮೋಸೋಮಿನ ಎಲ್ಲಾ ಎಸ್‌ಎನ್‌ಪಿ ಎಲ್ಲಾ ಜೀನಿಗೂ ಜೋಡಿ ಆಗ್ತಾವ. ಗುಣಿಸಿ 12ರಿಂದ ಭಾಗಿಸಿ ನೋಡ್ರಿ, ಹತ್ರತ್ರ 280 ಕೋಟಿ ಸಾಲು. ಆರ್‌ನ ಡೇಟಾಫ್ರೇಮ್‌ಗೆ (ಟೇಬಲ್‌ಗೆ) ಮಿತಿನೇ 214 ಕೋಟಿ. ನಿಮಗ ಇನ್ಯಾರೋ 32 ಜಿಬಿ ರ‍್ಯಾಮ್ ಹಾಕಸ್ರಿ ಅಂದಾರ, ರೊಕ್ಕ ದಂಡ. ಒಂದು ಹೊಲ ಹುಡುಕಾಕ ಎಡದಂಡೆ ಅಚ್ಚುಕಟ್ಟು ಪೂರಾ ತಿರುಗಿದಂಗ ಆಗ್ತದ ಈ ಮರ್ಜ್.

ಬಯೋಕಂಡಕ್ಟರ್ ಅನ್ನೋ ಆರ್ ಪ್ಯಾಕೇಜ್ ಸಂಗ್ರಹದಾಗಿನ ಜೀನೋಮಿಕ್‌ರೇಂಜಸ್ ಪ್ಯಾಕೇಜ್ ಹಾಕ್ರಿ. ಜೀನುಗಳ ಜಾಗ ಬರೆದಿರೋ ಜಿಎಫ್‌ಎಫ್3 ಫೈಲನ್ನ ಆರ್‌ಟ್ರ್ಯಾಕ್‌ಲೇಯರ್ ಪ್ಯಾಕೇಜಿನ ಇಂಪೋರ್ಟ್ ಫಂಕ್ಷನ್‌ನಿಂದ ಓದಿ, ಟೈಪ್ ಕಾಲಂನಾಗ ಜೀನ್ ಅಂತಿರೋ ಸಾಲಷ್ಟೇ ಇಟ್ಕೋರಿ. ಇಲ್ಲಂದ್ರ ಅದೇ ಜೀನಿನ ಎಂಆರ್‌ಎನ್‌ಎ, ಎಕ್ಸಾನ್, ಸಿಡಿಎಸ್ ಅನ್ನೋ ಭಾಗಗಳ ಸಾಲೂ ಸೇರಿ ಅದೇ ಎಸ್‌ಎನ್‌ಪಿ ನಾಕೈದು ಸಲ ಬರ್ತದ. ಆಮ್ಯಾಲೆ ಫೈಂಡ್‌ಓವರ್‌ಲ್ಯಾಪ್ಸ್ ಫಂಕ್ಷನ್ ನಡಸ್ರಿ, ಮೊದಲು ಎಸ್‌ಎನ್‌ಪಿ, ಎರಡನೇದು ಜೀನು. ಕೈಗೆ ಬರೋದು ಸಾಲಿನ ನಂಬರ್‌ಗಳ ಜೋಡಿ. ಕ್ವೆರಿಹಿಟ್ಸ್‌ನಿಂದ ಎಸ್‌ಎನ್‌ಪಿ, ಸಬ್ಜೆಕ್ಟ್‌ಹಿಟ್ಸ್‌ನಿಂದ ಜೀನು ತಗದು ಅಕ್ಕಪಕ್ಕ ಕೂಡಸ್ರಿ. ಸೆಕೆಂಡುಗಳ ಕೆಲಸ. ಜೀನಿನ ಹೊರಗ ಬಿದ್ದ ಎಸ್‌ಎನ್‌ಪಿ ಇದರಾಗ ಇರಂಗಿಲ್ಲ, ಅವೂ ಬೇಕಂದ್ರ ಹತ್ತಿರದ ಜೀನು ಹುಡುಕೋ ಡಿಸ್ಟೆನ್ಸ್‌ಟುನಿಯರೆಸ್ಟ್.

ಖರೇ ಪೆಟ್ಟು ಬೀಳೋದು ಎಣಿಕೆಯೊಳಗ. ಎಸ್‌ಎನ್‌ಪಿ ಜಾಗದ ಸ್ಟಾರ್ಟ್, ಎಂಡ್ ಬರೆದಿರೋ ನಿಮ್ಮ ಬೆಡ್ ಫೈಲ್‌ನಾಗ 999, 1000 ಅಂತ ಅದ. ಬೆಡ್ 0ಯಿಂದ ಎಣಿಸ್ತದ, ಕೊನೇ ತುದಿ ಸೇರಸಂಗಿಲ್ಲ. ಅಂದ್ರ ಅದು 1000ನೇ ಬೇಸ್ ಒಂದೇ. ಜಿಎಫ್‌ಎಫ್, ಎಸ್‌ಎನ್‌ಪಿ ಬರೆಯೋ ವಿಸಿಎಫ್ ಫೈಲು ಎಣಿಸೋದು 1ರಿಂದ, ಜಿಎಫ್‌ಎಫ್‌ನಾಗ ಎರಡೂ ತುದಿ ಸೇರಿರ್ತಾವ. ಬೆಡ್‌ನ್ನ ರೀಡ್‌ಟೇಬಲ್‌ನಿಂದ ಓದಿ ಜೀನೋಮಿಕ್‌ರೇಂಜಸ್‌ಗೆ ಹಂಗ ತುರುಕಿದ್ರ ಎಸ್‌ಎನ್‌ಪಿ ಎರಡು ಬೇಸ್ ಅಗಲ ಆಗಿ, 999ಕ್ಕ ಮುಗಿಯೋ ಜೀನೂ ಹತ್ತಿಕೋತದ. ಎರರ್ ಬರಂಗಿಲ್ಲ, ಅದಕ್ಕ ಅಪಾಯ. ಸ್ಟಾರ್ಟ್‌ಗೆ 1 ಕೂಡಸ್ರಿ, ಎಂಡ್ ಮುಟ್ಟಬ್ಯಾಡ್ರಿ. ಬೆಡ್‌ನ್ನೂ ಇಂಪೋರ್ಟ್‌ನಿಂದಲೇ ಓದಿದ್ರ ಆ ಫಂಕ್ಷನ್ನೇ ಸರಿ ಮಾಡಿರ್ತದ, ಅದರ ಮ್ಯಾಲೆ ಮತ್ತ 1 ಕೂಡಿಸಿ ಕೆಡಿಸೋರೂ ಅದಾರ.

ನಿಮಗ ಎರಡನೇ ಸಲ 0 ಸಾಲು ಬಂದಿದ್ದು ಕ್ರೋಮೋಸೋಮ್ ಹೆಸರಿನ ಸಲುವಾಗಿ. ಎಂಎಸ್‌ಯುದಾಗ ‘ಸಿಎಚ್‌ಆರ್1’, ರ‍್ಯಾಪ್-ಡಿಬಿ ಅನ್ನೋ ಇನ್ನೊಂದು ಭತ್ತದ ಜೀನ್ ಪಟ್ಟಿಯಾಗ ‘ಸಿಎಚ್‌ಆರ್01’, ಎನ್‌ಸೆಂಬಲ್ ಡೇಟಾಬೇಸ್‌ದಾಗ ಬರೇ ‘1’. ಎಂಎಸ್‌ಯು 7, ರ‍್ಯಾಪ್ ಎರಡೂ ಐಆರ್‌ಜಿಎಸ್‌ಪಿ-1.0 ಅನ್ನೋ ಒಂದೇ ಭತ್ತದ ಜೀನೋಮ್ ಬಿಲ್ಡ್ (ಆವೃತ್ತಿ) ಮ್ಯಾಲೇ ಕುಂತಾವ, ಹೆಸರು ಬದಲಿಸಿದ್ರ ಸಾಕು. ಹಳೇ ಬಿಲ್ಡ್‌ನ ಪೊಸಿಷನ್ ಮಾತ್ರ ಹಂಗ ಬಳಸಬ್ಯಾಡ್ರಿ. ಎರಡೂ ಕಡೆಯ ಸೀಕ್‌ಲೆವೆಲ್ಸ್ (ಕ್ರೋಮೋಸೋಮ್ ಹೆಸರಿನ ಪಟ್ಟಿ) ಇಂಟರ್‌ಸೆಕ್ಟ್ ಮಾಡಿದ್ರ 12 ಹೆಸರು ಹೊಂದಬೇಕು. ಕಡಿಮಿ ಬಂತಂದ್ರ ಅಲ್ಲೇ ನಿಂದ್ರಿ.

ಪರೀಕ್ಷೆಗೆ ಒಂದನೇ ಕ್ರೋಮೋಸೋಮ್‌ನಾಗ 3,83,83,000ಕ್ಕ ಒಂದು ಸುಳ್ಳು ಎಸ್‌ಎನ್‌ಪಿ ಸೇರಸ್ರಿ. ಗಿಡ್ಡ ಭತ್ತದ ಎಸ್‌ಡಿ1 ಜೀನು, ಎಂಎಸ್‌ಯು ಹೆಸರಿನ್ಯಾಗ 01ಜಿ66100, ಬರಲೇಬೇಕು.

ಇದೇ ಕೆಲಸಕ್ಕ ಡೇಟಾಟೇಬಲ್ ಪ್ಯಾಕೇಜಿನ ಫೋವರ್‌ಲ್ಯಾಪ್ಸ್ ವೇಗದ್ದೇ, ಆದ್ರ ಎರಡನೇ ಟೇಬಲ್‌ಗೆ ಸೆಟ್‌ಕೀ ಬೇಕು, ಆ ಕೀಯೊಳಗ ಸ್ಟಾರ್ಟ್-ಎಂಡ್ ಕಾಲಂ ಕಡೀಕೇ ಇರಬೇಕು. ಡಿಪ್ಲೈಯರ್ ಪ್ಯಾಕೇಜಿನ 1.1.0 ಆವೃತ್ತಿಯಿಂದ ಜಾಯಿನ್‌ಬೈ ಒಳಗ ಓವರ್‌ಲ್ಯಾಪ್ಸ್ ಬಂದದ, ಸಣ್ಣ ಟೇಬಲ್‌ಗೆ ಅಡ್ಡಿಯಿಲ್ಲ. ಪೈಥಾನ್‌ನವರಿಗೆ ಪೈರೇಂಜಸ್, ಬಯೋಫ್ರೇಮ್ ಎರಡೂ ಬೆಡ್ ಲೆಕ್ಕದಾಗ ನಡೀತಾವ, ಜಿಎಫ್‌ಎಫ್‌ನ್ನ ಪ್ಯಾಂಡಾಸ್‌ನಿಂದ ಓದಿದ್ರ ಸ್ಟಾರ್ಟ್‌ನಿಂದ 1 ಕಳೀರಿ.

ಪ್ರೊಮೋಟರ್ಸ್ ಫಂಕ್ಷನ್‌ನಿಂದ 2000 ಬೇಸ್ ಹಿಂದಿನ ಭಾಗ ತಗೀತೀರಂದ್ರ ಜೀನಿನ ಸ್ಟ್ರ್ಯಾಂಡ್ (ಡಿಎನ್‌ಎದ ಯಾವ ಎಳೆ, ಪ್ಲಸ್ಸೋ ಮೈನಸ್ಸೋ) ಕಳಕೋಬ್ಯಾಡ್ರಿ, ಅಲ್ಲಿ ನಕ್ಷತ್ರ (*) ಇದ್ರ ಪ್ಲಸ್ ಅಂತ ಹಿಡೀತದ. ಬೆಡ್‌ಟೂಲ್ಸ್ ಅನ್ನೋ ಬ್ಯಾರೆ ಪ್ರೋಗ್ರಾಂಗೆ ಆರ್‌ನಿಂದ ಫೈಲ್ ಬರೆಯೋ ಮುಂಚೆ ಆರ್‌ನ ಸೈಪೆನ್ ಆಪ್ಷನ್ 999 ಇಡ್ರಿ. ಇಲ್ಲಂದ್ರ 100000 ಅನ್ನೋದು ‘1ಇ+05’ ಆಗಿ ಹೋಗಿ, ಅದೊಂದು ಸಾಲಿಗೆ ಬೆಡ್‌ಟೂಲ್ಸ್ ತಕರಾರು ತಗೀತದ.