ಸದಾ ನಗುಮುಖದಿಂದ ಇರುವುದು ಹೇಗೆ ಅಂತ ಕೇಳಿದ್ದೀರಿ. ಇರಬೇಡಿ.

ಗಂಡನಿಗೆ ಲಿವರ್ ಟ್ರಾನ್ಸ್‌ಪ್ಲಾಂಟ್ ಆಗಿ 24 ದಿನ ಆಯಿತು, ಡಿಸ್ಚಾರ್ಜ್ ಮಾತೇ ಇಲ್ಲ, ನನ್ನ ಭಯ, ಸುಸ್ತು ಅವರಿಗೆ ಕಾಣದ ಹಾಗೆ ನಗುತ್ತಾ ಇರುವುದು ಹೇಗೆ ಅಂತ ಬರೆದಿದ್ದೀರಿ. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆರು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ, ರಾತ್ರಿ ಎರಡು ಗಂಟೆಗೆ, ವಾರ್ಡಿನ ಕುರ್ಚಿಯಲ್ಲಿ ಮುದುಡಿಕೊಂಡು. ನೀವು 24ನೇ ದಿನದಲ್ಲಿದ್ದೀರಿ. ನಾನು ತಪ್ಪು ಮಾಡಿದ್ದು 26ನೇ ದಿನ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿಯೂ ಲಿವರ್ ಟ್ರಾನ್ಸ್‌ಪ್ಲಾಂಟ್ ಆಗಿ ಒಟ್ಟು 61 ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಒಂಬತ್ತು ದಿನ ಐಸಿಯು. ಮೂರನೇ ದಿನ ಅವಳು ಚಾವಣಿಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದಳು. ನನ್ನನ್ನು ಯಾರೋ ಅಂದುಕೊಂಡು ಬಹುವಚನದಲ್ಲಿ, ತುಂಬಾ ಮರ್ಯಾದೆಯಿಂದ, ದಯವಿಟ್ಟು ಹೊರಗೆ ಹೋಗಿ ಎಂದಳು. ಇದಕ್ಕೆ ಡೆಲೀರಿಯಂ ಅನ್ನುತ್ತಾರೆ, ಐಸಿಯುನಲ್ಲಿ ಬಹಳ ಜನರಿಗೆ ಆಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ತಲೆ ಕೆಟ್ಟೇ ಹೋಯಿತು ಅಂದುಕೊಂಡೆ. ಕನ್ನಡಕ ಹಾಕಿಸಿ, ಗಡಿಯಾರ ಕಾಣುವ ಹಾಗೆ ಇಡಿ, ಇವತ್ತು ಯಾವ ವಾರ ಅಂತ ಹೇಳ್ತಾ ಇರಿ ಎಂದವರು ಒಬ್ಬ ಸಿಸ್ಟರ್. ನಾಲ್ಕೈದು ದಿನದಲ್ಲಿ ಇರುವೆಗಳು ಹೋದವು.

ವಾರ್ಡಿಗೆ ಬಂದ ಮೇಲೆ ನನ್ನ ನಾಟಕ ಶುರುವಾಯಿತು. ಇನ್ನು ಇವಳ ಎದುರು ಮುಖ ಸಪ್ಪೆ ಮಾಡಬಾರದು ಅಂತ ತೀರ್ಮಾನ ಮಾಡಿಬಿಟ್ಟೆ. ನಿದ್ದೆ ಬಂತಾ ಅಂದರೆ ಚೆನ್ನಾಗಿ ಬಂತು. ಊಟ ಆಯ್ತಾ ಅಂದರೆ ಆಯ್ತು. ಅಳು ಬಂದರೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದೆ. ಅವಳ ತಮ್ಮ ಎರಡು ಸಲ ಬಂದು, ಭಾವ ಒಂದು ರಾತ್ರಿ ನಾನಿರ್ತೀನಿ, ಹೋಗಿ ಮಲಗಿ ಎಂದ. ಬೇಡಪ್ಪ, ನಿನಗೆ ಇದೆಲ್ಲ ಗೊತ್ತಾಗಲ್ಲ ಎಂದು ಕಳಿಸಿದೆ. ನನಗೆ ಎಲ್ಲಾ ಗೊತ್ತು ಅನ್ನುವ ಹಾಗೆ! ಒಂದು ದಿನ ಸಿಸ್ಟರ್ ಪಕ್ಕದ ಮಂಚದವರಿಗೆ ನನ್ನನ್ನು ತೋರಿಸಿ, ನೋಡಿ, ನೋಡಿಕೊಂಡರೆ ಇವರ ಹಾಗೆ ನೋಡಿಕೊಳ್ಳಬೇಕು ಎಂದರು. ಆ ಹೊಗಳಿಕೆ ನನ್ನನ್ನು ಹಾಳು ಮಾಡಿತು. ಸುಮ್ನೆ ಹೇಳುತ್ತಿಲ್ಲ, ಮುಂದೆ ನೋಡಿ.

ಮನೆಗೆ ಹೋದ ಮೇಲೆ ನಾವೇ ಮಾತ್ರೆ ಕೊಡಬೇಕಲ್ಲ, ಅದಕ್ಕೆ ವಾರ್ಡಿನಲ್ಲೇ ಅಭ್ಯಾಸ ಮಾಡಿಸುತ್ತಾರೆ. ನಿಮಗೂ ಶುರು ಮಾಡಿಸಿರಬಹುದು. ಅದರಲ್ಲಿ ಮುಖ್ಯವಾದದ್ದು ಟ್ಯಾಕ್ರೋಲಿಮಸ್, ಹೊಸ ಲಿವರನ್ನು ದೇಹ ಹೊರಗಿನದು ಅಂತ ಹೊಡೆಯದ ಹಾಗೆ ತಡೆಯುವ ಮಾತ್ರೆ. ಇದು ಮೊದಲು ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಆ ರಾತ್ರಿಗಳಲ್ಲಿ ಇಂಥವನ್ನೆಲ್ಲ ಓದುತ್ತಿದ್ದೆ, ಸಿಸ್ಟರ್ ಕೊಟ್ಟ ಒಂದು ಹಾಳೆಯನ್ನು ಬಿಟ್ಟು.

ಈ ಔಷಧಿ ರಕ್ತದಲ್ಲಿ ಕಡಿಮೆಯಾದರೆ ದೇಹ ಲಿವರಿನ ಮೇಲೆ ಬೀಳುತ್ತದೆ. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕೈ ನಡುಕ. ಹಾಗಾಗಿ ಆಗಾಗ ಅಳೆಯುತ್ತಲೇ ಇರುತ್ತಾರೆ. ಅಳೆಯುವುದು ಬೆಳಗಿನ ಮಾತ್ರೆ ನುಂಗುವ ಮೊದಲು, ಹಿಂದಿನ ರಾತ್ರಿಯ ಮಾತ್ರೆ ನುಂಗಿ ಸುಮಾರು 12 ಗಂಟೆ ಆದಾಗ, ಅಂದರೆ ರಕ್ತದಲ್ಲಿ ಔಷಧಿ ತೀರಾ ಕಡಿಮೆ ಇರುವ ಹೊತ್ತಿನಲ್ಲಿ. ನುಂಗಿದ ಒಂದೆರಡು ಗಂಟೆಗೆ ರಕ್ತ ತೆಗೆದರೆ ಅಂಕಿ ಏರಿ ಕೂತಿರುತ್ತದೆ. ಅದನ್ನು ನಂಬಿ ಡೋಸ್ ಬದಲಿಸಿದರೆ ಎಡವಟ್ಟು.

ನಮ್ಮದು ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು. 25ನೇ ರಾತ್ರಿ, ಟ್ಯಾಕ್ರೋಲಿಮಸ್ ಜೊತೆಗೆ ಕೊಡುತ್ತಿದ್ದ ಸ್ಟೀರಾಯ್ಡಿನಿಂದ ಅವಳಿಗೆ ನಿದ್ದೆಯಿಲ್ಲ, ಅವಳಿಂದ ನನಗೆ ನಿದ್ದೆಯಿಲ್ಲ. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿತು. ಏಳಕ್ಕೆ ಅಲಾರಂ ಹೊಡೆಯಿತು. ಅದು ನಾನು ಕೆಲಸಕ್ಕೆ ಹೋಗಲು ಇಟ್ಟುಕೊಂಡಿದ್ದ ಹಳೇ ಅಲಾರಂ, ತೆಗೆದೇ ಇರಲಿಲ್ಲ. ನಾನು ಮಾತ್ರೆಯ ಅಲಾರಂ ಅಂದುಕೊಂಡೆ. ಅರೆನಿದ್ದೆಯಲ್ಲಿ ಡಬ್ಬಿ ತೆಗೆದು, ಕತ್ತಲೆಯಲ್ಲೇ ಅವಳ ತಲೆ ಎತ್ತಿ ಮಾತ್ರೆ ನುಂಗಿಸಿ, ಮತ್ತೆ ಒರಗಿದೆ. ಎಂಟೂವರೆಗೆ ರಕ್ತ ತೆಗೆಯಲು ಬಂದರು. ಸೂಜಿ ಒಳಗೆ ಹೋಗುವಾಗ ನನಗೆ ಪೂರ್ತಿ ಎಚ್ಚರವಾಯಿತು. ಸಿಸ್ಟರ್ ಎಂದಿನಂತೆ ಕೇಳಿದರು, ಮಾತ್ರೆ ಕೊಟ್ಟಿಲ್ಲ ಅಲ್ವಾ?

ಇಲ್ಲ ಸಿಸ್ಟರ್, ಎಂದೆ.

ಮೊದಲು ಕೊಟ್ಟದ್ದು ತಪ್ಪಲ್ಲ, ಅಂದರೆ ತಪ್ಪೇ, ಆದರೆ ಸುಸ್ತಾದವರು ಯಾರು ಬೇಕಾದರೂ ಮಾಡುವ ತಪ್ಪು. ನಿಜವಾದ ತಪ್ಪು ಆ "ಇಲ್ಲ". ಇವರ ಹಾಗೆ ನೋಡಿಕೊಳ್ಳಬೇಕು ಅನ್ನಿಸಿಕೊಂಡವನು ಕೊಟ್ಟುಬಿಟ್ಟೆ ಅನ್ನುವುದು ಹೇಗೆ? ಅಷ್ಟಕ್ಕೇ ನಿಲ್ಲಲಿಲ್ಲ. ಒಂಬತ್ತಕ್ಕೆ ಸರಿಯಾದ ಅಲಾರಂ ಹೊಡೆದಾಗ ಡಬ್ಬಿ ತೆಗೆದ ಹಾಗೆ ಮಾಡಿ ಮುಚ್ಚಿದೆ, ಚಾರ್ಟಿನಲ್ಲಿ 9 ಅಂತ ಬರೆದೆ.

ಸಂಜೆ ರಿಪೋರ್ಟ್ ಬಂತು, 21. ಅವಳಿಗೆ ಅದು 8ರಿಂದ 10ರೊಳಗೆ ಇರಬೇಕು ಎಂದಿದ್ದರು. ಡಾಕ್ಟರು ಬಂದು ಮತ್ತೆ ಕೇಳಿದರು, ಮಾತ್ರೆ ಎಷ್ಟೊತ್ತಿಗೆ ಕೊಟ್ಟಿರಿ? ಒಂಬತ್ತಕ್ಕೆ ಸಾರ್. ಅವರಿಗೆ ನಂಬದಿರಲು ಕಾರಣವೇ ಇರಲಿಲ್ಲ, ಯಾಕೆಂದರೆ ಮೂರು ದಿನದ ಹಿಂದೆಯಷ್ಟೇ ಫಂಗಸ್‌ಗೆ ಒಂದು ಔಷಧಿ ಶುರು ಮಾಡಿದ್ದರು, ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಅದರಿಂದಲೇ ಅಂದುಕೊಂಡರು. ಆ ರಾತ್ರಿಯ ಮಾತ್ರೆ ನಿಲ್ಲಿಸಿ, ಮರುದಿನದಿಂದ ಅರ್ಧ ಮಾಡಿದರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಮುಂದಿನ ಪರೀಕ್ಷೆಯಲ್ಲಿ 3.8. ಲಿವರ್ ಎಂಜೈಮುಗಳು ಏರತೊಡಗಿದವು, ಕಣ್ಣು ಮತ್ತೆ ಹಳದಿ. ಲಿವರಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು, ಸಹಿ ಹಾಕಿ ಅಂತ ಕಾಗದ ಕೊಟ್ಟಾಗ ಪೆನ್ನು ಹಿಡಿದುಕೊಂಡೇ ಎಲ್ಲಾ ಹೇಳಿಬಿಟ್ಟೆ. ಡಾಕ್ಟರು ಬೈಯಲಿಲ್ಲ. ಅವತ್ತೇ ಹೇಳಿದ್ದರೆ ಮರುದಿನ ಇನ್ನೊಂದು ಸಲ ರಕ್ತ ತೆಗೆದು ನೋಡುತ್ತಿದ್ದೆವು, ಅಷ್ಟೇ ಎಂದರು. ಆ "ಅಷ್ಟೇ" ಇನ್ನೂ ಕಿವಿಯಲ್ಲಿದೆ. ಈ ತಪ್ಪು ಆಗದಿದ್ದರೂ ರಿಜೆಕ್ಷನ್, ಅಂದರೆ ದೇಹ ಲಿವರಿನ ಮೇಲೆ ಬೀಳುವುದು, ಬರಬಹುದಿತ್ತು ಅಂತಲೂ ಸೇರಿಸಿದರು. ನನಗಾಗಿ ಹೇಳಿದ ಮಾತು ಅಂತ ಇವತ್ತಿಗೂ ಅನ್ನಿಸುತ್ತದೆ.

ಬಯಾಪ್ಸಿಯಲ್ಲಿ ರಿಜೆಕ್ಷನ್ ಅಂತಲೇ ಬಂತು. ಮೂರು ದಿನ ಸ್ಟೀರಾಯ್ಡಿನ ದೊಡ್ಡ ಡೋಸ್ ಡ್ರಿಪ್ಪಿನಲ್ಲಿ. ಲಿವರ್ ಉಳಿಯಿತು. ಆದರೆ ಸಕ್ಕರೆ ಏರಿ ಇನ್ಸುಲಿನ್ ಶುರುವಾಯಿತು, ರೋಗ ತಡೆಯುವ ಶಕ್ತಿ ಇನ್ನಷ್ಟು ಇಳಿದು ಸಿಎಂವಿ ಅನ್ನುವ ವೈರಸ್ ತಲೆಯೆತ್ತಿತು, ಅದಕ್ಕೆ ಮತ್ತೆ ವಾರಗಟ್ಟಲೆ ಡ್ರಿಪ್. 61 ದಿನ ಆಗಿದ್ದು ಹೀಗೆ.

ಇನ್ನೊಂದು ಇದೆ. ಅವಳಿಗೂ ಹೇಳಬೇಕಲ್ಲ ಅಂತ ಆ ಸಂಜೆ ಮಂಚದ ಪಕ್ಕ ಕೂತು ಬಾಯಿ ತೆಗೆದೆ. ಅವಳು, ನನಗೆ ಗೊತ್ತು ಎಂದಳು. ಅವತ್ತು ಕತ್ತಲೆಯಲ್ಲಿ ನುಂಗಿಸಿದಾಗ ಎಚ್ಚರವಿದ್ದಳಂತೆ, ಸಿಸ್ಟರ್ ಕೇಳಿದ್ದನ್ನೂ ಕೇಳಿಸಿಕೊಂಡಿದ್ದಳಂತೆ. ಮತ್ತೆ ಯಾಕೆ ಸುಮ್ಮನಿದ್ದೆ ಅಂದರೆ, "ನಿಮಗೆ ಬೈತಾರೆ ಅಂತ." ನಾನು ಅವಳಿಗೆ ಕಾಣದ ಹಾಗೆ ಮುಚ್ಚಿಡುತ್ತಿದ್ದೆ ಅಂದುಕೊಂಡಿದ್ದೆ. ಬಾತ್‌ರೂಮಿನ ನಲ್ಲಿಯ ವಿಷಯವೂ ಅವಳಿಗೆ ಮೊದಲಿನಿಂದ ಗೊತ್ತಿತ್ತು. ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿದಾಗ ಅವಳು ಎಂಟಿದ್ದರೂ ನಾಲ್ಕು ಅನ್ನುತ್ತಿದ್ದಳಂತೆ, ನಾನು ಬಾಡುತ್ತೇನೆ ಅಂತ. ನೀವು ಹೀಗೆ ನಗುತ್ತಾ ಇದ್ದರೆ ಆ ಕಡೆಯವರೂ ನಗಲು ಶುರು ಮಾಡುತ್ತಾರೆ, ಆಮೇಲೆ ಡಾಕ್ಟರಿಗೆ ನಿಜ ಹೇಳುವವರು ಯಾರು?

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರನ್ನು ಖುಷಿಯಾಗಿಡುವುದು ನಿಮ್ಮ ಕೆಲಸ ಅಲ್ಲ. ಲಿವರ್ ಬದಲಾಗಿ ತಿಂಗಳೂ ಆಗದವರು ಖುಷಿಯಾಗಿ ಯಾಕಿರಬೇಕು? ನಿಮ್ಮ ಕೆಲಸ ನೋಡಿದ್ದನ್ನು ಸರಿಯಾಗಿ ಹೇಳುವುದು. ಒಂದು ನೋಟ್‌ಬುಕ್ ಇಡಿ. ಮಾತ್ರೆ ನಿಜವಾಗಿ ಎಷ್ಟು ಗಂಟೆಗೆ ಒಳಗೆ ಹೋಯಿತು, ಜ್ವರ ಎಷ್ಟು, ಬೆಳಗಿನ ತೂಕ, ಮೂತ್ರ ಎಷ್ಟು, ಹೊಟ್ಟೆಗೆ ಹಾಕಿದ ಡ್ರೈನ್ ಕೊಳವೆಯಲ್ಲಿ ಬಂದ ನೀರಿನ ಬಣ್ಣ. ತಪ್ಪಿದ್ದರೆ ತಪ್ಪನ್ನೇ ಬರೆಯಿರಿ. ಜ್ವರ 38 ಡಿಗ್ರಿ ಮುಟ್ಟಿದರೆ, ಅಂದರೆ 100.4, ಬೆಳಿಗ್ಗೆ ಡಾಕ್ಟರು ಬರಲಿ ಅಂತ ಕಾಯಬೇಡಿ, ಅರ್ಧರಾತ್ರಿಯಾದರೂ ಸಿಸ್ಟರನ್ನು ಎಬ್ಬಿಸಿ.

ಅವರು ಸಿಡುಕುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ ಅಂತಲೂ ಬರೆದಿದ್ದೀರಿ. ಅದರಲ್ಲಿ ಸ್ಟೀರಾಯ್ಡಿನ ಪಾಲು ದೊಡ್ಡದಿರಬಹುದು, ಡಾಕ್ಟರಿಗೆ ಹೇಳಿ. ಡೋಸ್ ಇಳಿದ ಹಾಗೆ ನನ್ನವಳು ನನ್ನವಳಾದಳು. ಕೈ ನಡುಗುವುದು ಟ್ಯಾಕ್ರೋಲಿಮಸ್‌ನಿಂದ ಇರಬಹುದು, ಹೆದರಿಕೆಯಿಂದ ಅಂತ ಸಮಾಧಾನ ಹೇಳಲು ಹೋಗಬೇಡಿ. ನನ್ನವಳಿಗೆ ಅದರಿಂದ ಸಿಟ್ಟೇ ಬರುತ್ತಿತ್ತು.

ಮತ್ತೆ, ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರನ್ನು ಬಿಟ್ಟು ಮನೆಗೆ ಹೋಗಿ ಮಲಗಿ. ಬಂದವರಿಗೆ ನೆಗಡಿ ಕೆಮ್ಮು ಇರಬಾರದು, ಕೈ ತೊಳೆಯಬೇಕು, ಅಷ್ಟು ನೋಡಿಕೊಳ್ಳಿ. ಕೊನೆಗೆ ನಾನೂ ಅವಳ ತಮ್ಮನನ್ನು ಬಿಟ್ಟೆ. ಅವನು ನನಗಿಂತ ಚೆನ್ನಾಗಿ ಚಾರ್ಟ್ ಬರೆಯುತ್ತಿದ್ದ, ದಿನಾ ಅವಳನ್ನು ಕಾರಿಡಾರಿನ ಕೊನೆಯವರೆಗೆ ನಡೆಸುತ್ತಿದ್ದ. ನಾನು ನಡೆಸಿದರೆ ನಾಲ್ಕು ಹೆಜ್ಜೆಗೆ ಸುಸ್ತು ಅನ್ನುತ್ತಿದ್ದಳು, ಅದು ಬೇರೆ ವಿಷಯ.

ಕಳಿಸುವ ಮೊದಲು ಇದನ್ನು ಅವಳಿಗೆ ಓದಿ ಹೇಳಿದೆ. ಇರುವೆ ಒಂದು ಸಾಲಲ್ಲ, ಎರಡು ಸಾಲು, ಒಂದು ಹೋಗ್ತಿತ್ತು ಒಂದು ಬರ್ತಿತ್ತು, ಸರಿಯಾಗಿ ಬರೀರಿ ಎಂದಳು.